ಹನ್ನೊಂದು ಗುಂಡಿಯ ವಹಿ

ಕಪನೂರಿನ ದಾಲ್‌ಮಿಲ್ಲಿನ ಮ್ಯಾಲ ನನ್ನ ಖೋಲಿ.
ಕೆಳಗ ಅವರು ತೊಗರಿ ಒಡೀತಾರ,
ಮ್ಯಾಲ ನಾನು ಸ್ವರ ಒಡೀತೀನಿ.
ಬಾಡಿಗಿ ಕಡಿಮಿ, ಯಾಕಂದ್ರ
ಇಂಥಾ ಗದ್ದಲದಾಗ ಮತ್ಯಾರೂ ಇರಂಗಿಲ್ಲ.

ಮೇಜಿನ ಮ್ಯಾಲ ಲ್ಯಾಪ್‌ಟಾಪು,
ಅದರ ಹೊಟ್ಟ್ಯಾಗ ನೂರಾ ನಾಲ್ಕು ಸಿಂಥ್,
ಒಂದಕ್ಕೂ ತೂಕಿಲ್ಲ.
ಅದರ ಬಾಜೂಕ, ಊಟದ ಡಬ್ಬಿಯಷ್ಟು ಪೆಟ್ಟಿಗಿ,
ಹನ್ನೊಂದು ಗುಂಡಿ, ಒಂದೇ ದನಿ.
ಎರಡು ಕೀ ಕೂಡಿ ಒತ್ತಿದ್ರ ಒಂದನ್ನ ನುಂಗ್ತದ.

ಲ್ಯಾಪ್‌ಟಾಪಿನ್ಯಾಗೂ ಇದೇ ಪೆಟ್ಟಿಗಿಯ ಚಿತ್ರ ಅದ.
ಯಾರೋ ಪುಣ್ಯಾತ್ಮ ಕೂತು
ಮೂಲ್ಯಾಗಿನ ತುಕ್ಕು ಬರದಾನ,
ಬಣ್ಣ ಹಾರಿದ್ದು ಬರದಾನ, ನಾಲ್ಕು ಸ್ಕ್ರೂ ಬರದಾನ.
ರಿಪೇರಿಯ ಇಲಿಯಾಸ್ ಪೇಚಕಸ್ ಹಿಡಕೊಂಡೇ ಕೇಳ್ದ:
"ಅಕ್ಕೋರೆ, ಈ ಸ್ಕ್ರೂ ಬಿಚ್ಚಿದ್ರ ಒಳಗ ಏನು ಸಿಗ್ತದ?"

ಪೆಟ್ಟಿಗಿಗೆ ನೆನಪಿಲ್ಲ.
ಸಿಕ್ಕ ದನಿ, ಬಂದ್ ಮಾಡಿದ್ರ ಹೋಯ್ತು.
ಅದಕ್ಕ ವಹಿಯೊಳಗ ಹನ್ನೊಂದು ಸುತ್ತು ಬರೀತೀನಿ,
ಒಂದೊಂದಕ್ಕೂ ಮುಳ್ಳು, ಗಡಿಯಾರದ್ಹಂಗ:
ಫಿಲ್ಟರು ಎರಡು ಗಂಟಿಗೆ,
ಕೊನೀ ಗುಂಡಿ ಪಾವುಕಮ್ ಹತ್ತಕ್ಕ.
ಏಪ್ರಿಲ್ ಹತ್ತೊಂಬತ್ತರ ಹಾಳಿ ತಗದು
ಮುಳ್ಳಿಗೆ ಮುಳ್ಳು ಕೂಡಿಸಿದ್ರೂ
ಏಪ್ರಿಲ್ ಹತ್ತೊಂಬತ್ತು ಹೊಳ್ಳಿ ಬರಂಗಿಲ್ಲ.
ಈಗ ಅಂಚಿನ್ಯಾಗ ಇದನ್ನೂ ಬರೀತೀನಿ:
ನಲವತ್ತಮೂರು ಡಿಗ್ರಿ. ಫ್ಯಾನ್ ಬಂದ್. ಮಿಲ್ ಚಾಲೂ.

ಲ್ಯಾಪ್‌ಟಾಪಿಗೆ ಬೈಯಂಗಿಲ್ಲ ನಾನು.
ಹಪ್ಪಳದ ಜಾಹೀರಾತು ಮುಗಿಸಬೇಕಾದ ರಾತ್ರಿ
ಕರೆಂಟು ಹೋಗಿ ಪೆಟ್ಟಿಗಿ ಸತ್ತಿತು,
ಅದು ಮಾತ್ರ ಬ್ಯಾಟರಿ ಮ್ಯಾಲ ಬೆಳ್ಳಗ ಕೂತಿತ್ತು.
ಮುಂಜಾನೆ ಸೇಠ "ತುಸು ಮೆತ್ತಗ ಇರ್ಲಿ" ಅಂದ್ರ
ತುಸು ಮೆತ್ತಗ ಮಾಡಿ ಕೊಟ್ಟಿತು.
"ಮೊದಲಿನದೇ ಛಲೋ ಇತ್ತು" ಅಂದ್ರ
ಮೊದಲಿನದೇ, ಕೂದಲೆಳಿ ಫರಕಿಲ್ಲ.
ಆ ತಿಂಗಳ ಬಾಡಿಗಿ ಅದರದ್ದೇ ದುಡಿಮಿ.

ಆದ್ರ ಮೇ ತಿಂಗಳ ಒಂದು ಮಧ್ಯಾಹ್ನ
ಸೇಡಂ ಕಡಿಂದ ನಾಗಿಂದ್ರಪ್ಪ ಪೇಟಿ ಹೊತ್ಕೊಂಡು ಬಂದ,
ಬಸ್ಸಿನ ಟಾಪಿನ ಮ್ಯಾಲ ಎರಡು ತಾಸು ಕಾದ ಪೇಟಿ.
ಫರಸಿ ಕಲ್ಲಿಗೆ ನೀರು ಹೊಡದು,
ಕಿಡಕಿಗೆ ಹಸಿ ಗೋಣಿ ಕಟ್ಟಿ ಕೂತ್ವಿ.
ಅವ ಷಡ್ಜ ಹಿಡದ. ನಾನು ಲ್ಯಾಪ್‌ಟಾಪಿನಿಂದ ಹಿಡದೆ.
ಎರಡರ ನಡುವ ಒಂದು ಅಲುಗಾಟ,
ಬಾಟ್ಲ್ಯಾಗ ನೊಣ ಸಿಕ್ಕೊಂಡಂಗ.
"ಯಾರದ್ದು ತಪ್ಪು?" ಅಂದ.
ಪರದಿ ಮ್ಯಾಲ ನಾನೂರಾ ನಲವತ್ತು, ಬಿಂದು, ಸೊನ್ನೆ, ಸೊನ್ನೆ.
"ನಿಮ್ದು" ಅಂದೆ, ನಾಚ್ಕೊಂಡು.
ಲ್ಯಾಪ್‌ಟಾಪಿನ ಸ್ವರ ಇಳಿಸಬಹುದಿತ್ತು, ಎರಡು ಕ್ಲಿಕ್ಕಿನ ಕೆಲಸ,
ಆದ್ರ ಎಷ್ಟು ಅಂತ ಅದು ನನ್ನನ್ನೇ ಕೇಳ್ತದ.

ಪೆಟ್ಟಿಗಿ ಮುಂಜಾನಿಂದ ಅದೇ ಧಗ್ಯಾಗ ಬೆಂದಿತ್ತು.
ಅದರ ಸ್ವರಾನೂ ಕೆಳಗ ಜಾರಿತ್ತು,
ಎಷ್ಟು ಅಂದ್ರ, ಪೇಟಿ ಜಾರಿದಷ್ಟು.
ಚಾಲೂ ಮಾಡಿದೆ, ಅಲುಗಾಟ ನಿಂತಿತು.
ನಾಗಿಂದ್ರಪ್ಪ ಕಣ್ಣು ಮುಚ್ಚಿದ.
ಖೋಲಿಯೊಳಗ ಬರೋಬರಿ ಇದ್ದದ್ದು ಲ್ಯಾಪ್‌ಟಾಪ್ ಒಂದೇ,
ಅದನ್ನ ಮೆಲ್ಲಕ ಮುಚ್ಚಿದೆ.

ಜಾರೋದಕ್ಕೂ ಅದರಾಗ ಒಂದು ಗುಂಡಿ ಅದ.
ರಾತ್ರಿ ತಿರುಗಿಸಿ ನೋಡ್ದೆ. ಜಾರ್ತದ ಖರೆ,
ಬಿಸಿಲನ್ನ ಕೇಳಿ ಅಲ್ಲ.
"ಒಂದು ಥರ್ಮಾಮೀಟರ್ ಕಟ್ಟಿಕೊಡ್ಲೇನು?" ಅಂದ ಇಲಿಯಾಸ್.
ಕಟ್ಟಿದ್ರೂ ಕಟ್ಯಾನು.

ಅವತ್ತಿನ ರೆಕಾರ್ಡಿಂಗಿನ ತಳದಾಗ
ಮಿಲ್ಲಿನ ಮೋಟರು ಗುಂಯ್ ಅಂತದ. ತಗದಿಲ್ಲ.

ವಹಿಯ ಆ ಹಾಳಿ ಮ್ಯಾಲ ಹನ್ನೆರಡು ಸುತ್ತು ಅವ.
ಹನ್ನೊಂದು ನನ್ನ ಕೈಯವು.
ಇನ್ನೊಂದು ನಾಗಿಂದ್ರಪ್ಪ ಇಟ್ಟ ಚಾದ ಗ್ಲಾಸಿಂದು,
ಅದಕ್ಕ ಮುಳ್ಳಿಲ್ಲ.
ಆ ದನಿ ಹೊಳ್ಳಿ ಬೇಕಾದಾಗ
ಹನ್ನೊಂದನ್ನೂ ಕೂಡಿಸಿ
ಅದರ ಮುಂದ ತುಸು ಹೊತ್ತು ಸುಮ್ಮ ಕೂಡ್ತೀನಿ.